ಸೋಲಾರ್ ಡಬ್ಬಿ, ಏಳನೇ ಕಂತು: ಅಂಟಕ್ಕಿ ಕೊನೆಗೂ ಬೆಂತು (ಆದರೆ...)

ಬೆಂತು! ಶನಿವಾರ ಮಧ್ಯಾಹ್ನ 1.40ಕ್ಕೆ, ಲಾವೋಸ್ ರಾಜಧಾನಿ ವಿಯೆಂಟಿಯಾನ್‌ನ ನಮ್ಮ ಬಾಡಿಗೆ ಮನೆ ತಾರಸಿ ಮೇಲೆ, ಒಂದು ಚೂರೂ ಇದ್ದಿಲು ಸುಡದೆ ಅಂಟಕ್ಕಿ ಬೆಂತು. ಓನರಮ್ಮ ತಿಂದು ಏನಂದರು ಅನ್ನೋದು ಆಮೇಲೆ.

ಬಿಸಿಲಲ್ಲೇ ಅಡುಗೆ ಬೇಯಿಸುವ ನನ್ನ ಈ ಡಬ್ಬಿ ಹಳೆಯದೇ. 50 ಸೆಂ.ಮೀ. ಚೌಕದ ಬಾಯಿ, ಜೋಡಿ ಗಾಜು, ಸುತ್ತ ಭತ್ತದ ಹೊಟ್ಟು, ಒಂದು ಕನ್ನಡಿ ರೆಕ್ಕೆ. ಬೀದರ್ ಮತ್ತು ವಿಯೆಂಟಿಯಾನ್ ಎರಡೂ ಹೆಚ್ಚುಕಡಿಮೆ 18 ಡಿಗ್ರಿ ಉತ್ತರದಲ್ಲಿವೆ. ಸೂರ್ಯ ಎರಡೂ ಕಡೆ ಒಂದೇ ಎತ್ತರದಲ್ಲಿ ಸಾಗುತ್ತಾನೆ, ಹಾಗಾಗಿ ಊರಲ್ಲಿ ಬರೆದಿಟ್ಟ ಕನ್ನಡಿ ಕೋನದ ಪಟ್ಟಿ ಇಲ್ಲಿಗೂ ಸರಿಹೋಯಿತು. ಅನ್ನ, ಬೇಳೆ, ಮೊಟ್ಟೆ ಎಲ್ಲ ಸಲೀಸು. ಆದರೆ ಖಾವ್ ನಿಯಾವ್, ಅಂದರೆ ಅಂಟಕ್ಕಿ ಅನ್ನ, ಬೇಯಿಸದ ಒಲೆ ಲಾವೋಸ್‌ನಲ್ಲಿ ಒಲೆಯೇ ಅಲ್ಲವಂತೆ. ನಮ್ಮ ಕಡೆ ಜೋಳದ ರೊಟ್ಟಿ ಹೇಗೋ, ಇವರಿಗೆ ಈ ಅಂಟಕ್ಕಿ ಹಾಗೆ.

ತೊಂದರೆ ಏನಂದರೆ, ಇದನ್ನು ನೀರಲ್ಲಿ ಕುದಿಸೋದಿಲ್ಲ. ರಾತ್ರಿಯಿಡೀ ನೆನೆಸಿ, ಬಿದಿರಿನ ಬುಟ್ಟಿಗೆ ಹಾಕಿ, ಕುದಿಯುವ ನೀರಿನ ಪಾತ್ರೆ ಮೇಲಿಟ್ಟು ಜೋರು ಹಬೆಯಲ್ಲಿ ಬೇಯಿಸಬೇಕು. ನಾನೂ ಬುಟ್ಟಿಯನ್ನು ಅರ್ಧಕ್ಕೆ ಕತ್ತರಿಸಿ ಡಬ್ಬಿಯೊಳಗೆ ತುರುಕಿದೆ. ಇಪ್ಪತ್ತು ನಿಮಿಷಕ್ಕೆ ಗಾಜು ಸ್ನಾನದ ಮನೆ ಕನ್ನಡಿ ಥರ ಮಬ್ಬಾಯಿತು. ಥರ್ಮಾಮೀಟರ್ 96ರಿಂದ 78ಕ್ಕೆ ಇಳಿಯಿತು. ಎಲ್ಲೋ ಸೋರುತ್ತಿದೆ ಅಂತ ಮತ್ತೆ ಸಿಲಿಕೋನ್ ಬಳಿದೆ. ಮುಂದಿನ ಮೂರು ಅಡುಗೆ ವಿನೆಗರ್ ವಾಸನೆ ಹೊಡೆದವು.

ಮಾರ್ಚ್ ಪೂರ್ತಿ ಹೊಗೆಗೆ ಹೋಯಿತು. ಗುಡ್ಡದ ಹೊಲಗಳಿಗೆ ಬೆಂಕಿ ಇಡುವ ಕಾಲ. ಮೈ ಬೇಯುತ್ತದೆ, ಆಕಾಶ ಮಾತ್ರ ಮಜ್ಜಿಗೆ ಬಣ್ಣ. ಬೆಳಕು ಚದುರಿದ ಮೇಲೆ ಕನ್ನಡಿ ಇದ್ದೂ ಇಲ್ಲದ ಹಾಗೆ. ಏಪ್ರಿಲ್‌ನಲ್ಲಿ ಪಿ ಮೈ, ಅಂದರೆ ಹೊಸ ವರ್ಷದ ನೀರಾಟ. ಪಕ್ಕದ ಮನೆ ಹುಡುಗ ತಾರಸಿಗೆ ಬಂದು ಕಾದ ಗಾಜಿಗೂ ಒಂದು ಬಕೆಟ್ ನೀರು ಎರಚಿ ಶುಭ ಕೋರಿದ. ಟಪ್! ಹೊಸ ಗಾಜಿಗೆ ರಜೆ ಮುಗಿಯುವ ತನಕ ಕಾದೆ. ಅಂಗಡಿಯವನು 4 ಮಿ.ಮೀ. ಕಮ್ಮಿ ಕತ್ತರಿಸಿಕೊಟ್ಟು "ಬೊ ಪೆನ್ ಯಂಗ್" ಅಂದ. ಪರವಾಗಿಲ್ಲ ಅಂತ. ಅವನಿಗೇನು, ಪರವಾಗಿಲ್ಲ!

ಆ ರಜೆಯಲ್ಲೇ ಪೆನ್ನು ಹಿಡಿದು ಕೂತೆ. ಪಾತ್ರೆಗೆ ಇಳಿಯುವ ಶಾಖ 100 ವ್ಯಾಟ್ ಸಿಕ್ಕರೆ ನನ್ನ ಪುಣ್ಯ. 100 ಗ್ರಾಂ ನೀರು ಆವಿಯಾಗಲು ಸುಮಾರು 226 ಕಿಲೋಜೂಲ್ ಬೇಕು. ಅಂದರೆ 38 ನಿಮಿಷದ ಬಿಸಿಲು ಗಾಜಿನ ಮೇಲೆ ಹನಿಯಾಗಿ ಕೂರುತ್ತದೆ, ಮೇಲಿಂದ ಬರುವ ಬೆಳಕನ್ನೂ ತಡೆಯುತ್ತದೆ. ಇಷ್ಟು ದಿನ ಹಬೆ ಸಾಲದು ಅಂತ ಗೋಳಾಡುತ್ತಿದ್ದೆ. ಅಸಲಿಗೆ ಹಬೆಯೇ ಕಳ್ಳ! ನೆಂದ ಅಕ್ಕಿಗೆ ಬೇಕಾದ ನೀರು ಆಗಲೇ ಒಳಗಿದೆ. ಜೋರು ಕುದಿಯೂ ಬೇಡ, 80 ಡಿಗ್ರಿ ಮೇಲೆ ಹಿಡಿದಿಟ್ಟರೆ ಸಾಕು.

ಮೊದಲು ಕಪ್ಪು ಪಾತ್ರೆಯ ಬಾಯಿಗೆ ಕಣಕ ಮೆತ್ತಿ ಮುಚ್ಚಿದೆ. ಬೆಂತು, ಆದರೆ ತಳದಲ್ಲಿ ಗಂಜಿ. ಆಗ ಅಮ್ಮನ ಎಲೆ ಕಡುಬು ನೆನಪಾಯಿತು. ಬಾಳೆಲೆ ಬಾಡಿಸಿ, ಹಿಡಿ ಹಿಡಿ ಅಕ್ಕಿ ಕಟ್ಟಿ, ಅದೇ ಪಾತ್ರೆಯ ತಳದಲ್ಲಿ ಎರಡೇ ಚಮಚ ನೀರು ಹಾಕಿ, ಬಿದಿರು ಕಡ್ಡಿ ಮೇಲೆ ಜೋಡಿಸಿದೆ. 10.30ಕ್ಕೆ ಇಟ್ಟದ್ದು. ಗಾಜು ಕೊನೆ ತನಕ ನಿಚ್ಚಳ.

  

ಓನರಮ್ಮ ಎಲೆ ಬಿಚ್ಚಿದರು. ಒಂದು ತುತ್ತು ಉಂಡೆ ಮಾಡಿ, ಒತ್ತಿ, ಬಾಯಿಗೆ ಹಾಕಿಕೊಂಡು "ಬೊ ಮೆನ್" ಅಂದರು. ಇದಲ್ಲ. ಎಲೆಯಲ್ಲಿ ಕಟ್ಟಿದರೆ ಅದು ಖಾವ್ ತೊಮ್ ಅಂತೆ, ಖಾವ್ ನಿಯಾವ್ ಅಲ್ಲ. ಹಾಗಾದರೆ ಒಳಗೆ ಬಾಳೆಹಣ್ಣು ಎಲ್ಲಿ, ತೆಂಗಿನ ಹಾಲು ಎಲ್ಲಿ ಅಂತ ಕೇಳುತ್ತಲೇ ನಾಲ್ಕು ಪೊಟ್ಟಣ ಮುಗಿಸಿದರು. ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಒಂದು ಚಿಪ್ಪು ಬಾಳೆಹಣ್ಣು, ಪಕ್ಕದಲ್ಲಿ ನೆನೆಸಿದ ಅಕ್ಕಿಯ ಬೋಗುಣಿ.