ಏಳು ಚುಕ್ಕಿಯ ರಂಗೋಲಿ

ಇಂದು ಬೆಳಿಗ್ಗೆ ದೊಡ್ಡಮ್ಮ ಬಾಗಿಲ ಮುಂದೆ ಇಟ್ಟ ಏಳು ಚುಕ್ಕಿಯ ಸಾಲುಗಳು ಅಳೆದಿಟ್ಟಂತೆ ಬಿದ್ದವು. ಆದರೆ ಯಾವುದನ್ನು ಯಾವುದಕ್ಕೆ ಸೇರಿಸಬೇಕೆಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಇಂಥ ತೊಡಕು ಮೆದುಳಿನ ಯಾವ ಭಾಗದ್ದು? ತಲೆಯ ಹಿಂದೆ ಕೆಳಗಿರುವ ಅನುಮಸ್ತಿಷ್ಕದ (ಸೆರೆಬೆಲ್ಲಮ್) ಕೆಲಸ ದೇಹದ ಸಮತೋಲನ, ಆಲೋಚನೆಯೆಲ್ಲ ಮೆದುಳಿನ ದೊಡ್ಡ ಭಾಗವಾದ ಮಹಾಮಸ್ತಿಷ್ಕದ್ದು ಎಂದು ನಾವು ಶಾಲೆಯಲ್ಲಿ ಉರುಹೊಡೆದಿದ್ದೆವು. ಮೆದುಳಿನ ಗಾತ್ರದಲ್ಲಿ ಸುಮಾರು ಶೇ. 10ರಷ್ಟೇ ಇರುವ ಅನುಮಸ್ತಿಷ್ಕದಲ್ಲಿ ಒಟ್ಟು ನರಕೋಶಗಳ ಶೇ. 80ರಷ್ಟು ಅಡಕವಾಗಿವೆ ಎಂಬುದನ್ನು ಯಾರೂ ಹೇಳಿಕೊಡಲಿಲ್ಲ. 1998ರಲ್ಲಿ ನರರೋಗತಜ್ಞ ಜೆರೆಮಿ ಶ್ಮಾಹ್‌ಮನ್ ಮತ್ತು ನರಮನೋವಿಜ್ಞಾನಿ ಜಾನೆಟ್ ಶರ್ಮನ್ ಅವರು, ಅನುಮಸ್ತಿಷ್ಕಕ್ಕೆ ಹಾನಿಯಾಗಿದ್ದ 20 ರೋಗಿಗಳನ್ನು ಪರೀಕ್ಷಿಸಿ, ಯೋಜಿಸುವ ಶಕ್ತಿ, ಪದಗಳ ಸಲೀಸು, ಸ್ಥಳದ ಅಂದಾಜು, ಭಾವನೆಗಳ ಹಿಡಿತ ಇವೆಲ್ಲವೂ ಕುಂದಬಹುದೆಂದು ವಿವರಿಸಿದರು. ಹೆಜ್ಜೆ ಅಳತೆ ತಪ್ಪುವಂತೆ ಆಲೋಚನೆಯೂ ಅಳತೆ ತಪ್ಪುತ್ತದೆ ಎಂಬುದು ಶ್ಮಾಹ್‌ಮನ್ ಅವರ ವಾದ. ಆದರೆ ಮರೆವು ತರುವ ಆಲ್ಝೈಮರ್ ಕಾಯಿಲೆಯಲ್ಲಿ ಬೇಗನೆ ಸೊರಗುವುದು ನೆನಪಿಗೆ ನೆರವಾಗುವ ಹಿಪೊಕ್ಯಾಂಪಸ್ ಪ್ರದೇಶ. ಈ ಕಾಯಿಲೆಯಲ್ಲಿ ಮೆದುಳಲ್ಲಿ ಗಂಟುಗಟ್ಟುವ ಅಮಿಲಾಯ್ಡ್ ಎಂಬ ಪ್ರೋಟೀನ್ ಅನುಮಸ್ತಿಷ್ಕವನ್ನು ಮುಟ್ಟುವುದು ಬಹಳ ತಡವಾಗಿ. ಆದ್ದರಿಂದಲೇ ಅಮಿಲಾಯ್ಡ್ ಪತ್ತೆಹಚ್ಚುವ ಪೆಟ್ ಸ್ಕ್ಯಾನ್‌ಗಳಲ್ಲಿ ಅನುಮಸ್ತಿಷ್ಕವನ್ನು ಹೋಲಿಕೆಯ ಅಳತೆಗೋಲಾಗಿ ಬಳಸುತ್ತಾರೆ. ಅಳತೆಗೋಲನ್ನೇ, ಅಂದರೆ ಅನುಮಸ್ತಿಷ್ಕವನ್ನೇ, ಅಳೆಯುವ ಯೋಚನೆ ತಡವಾಗಿ ಬಂದದ್ದರಲ್ಲಿ, ನನಗನಿಸುವಂತೆ, ಆಶ್ಚರ್ಯವಿಲ್ಲ. ದೊಡ್ಡಮ್ಮನ ತೊಂದರೆಯ ಬೇರು ಎಲ್ಲಿದೆಯೆಂದು ವೈದ್ಯರು ನೋಡಬೇಕಷ್ಟೆ. ಪುಡಿ ಹಿಡಿದ ಬೆರಳುಗಳನ್ನು ಹಾಗೆಯೇ ನಿಲ್ಲಿಸಿಕೊಂಡು, “ನೀನೇ ಹೇಳೋ, ಇಲ್ಲಿಂದ ಎಲ್ಲಿಗೆ?” ಎಂದು ಅವರು ಕೇಳಿದರು.