ಖಾಲಿ ಚಾರ್ಟು, ಮೂಲೆಯಲ್ಲಿ ಫ್ಲಾಸ್ಕು: ನಾಲ್ಕು ಕೂಟಗಳ ನಂತರ

ಪೇಮೆಂಟ್ಸ್ ಕೆಲಸದವರು ಸೇರಿ ಕನ್ನಡದಲ್ಲಿ ಮಾತಾಡಿಕೊಳ್ಳಲಿ ಅಂತ ನಾನು ನಡೆಸುವ ಕೂಟದ ನಾಲ್ಕನೆಯದು ಮೊನ್ನೆ ಭಾನುವಾರ ಮುಗಿಯಿತು. 19 ಜನ, ಎರಡು ಫ್ಲಾಸ್ಕ್ ಕಾಫಿ, ಒಂದು ಜೋರು ಜಗಳ. ಮೊದಲನೆಯದಕ್ಕೆ ಬಂದಿದ್ದವರು ಏಳೇ ಜನ. ಅದರಲ್ಲೊಬ್ಬ ನನ್ನ ತಮ್ಮ. ಅವನಿಗೂ ಪೇಮೆಂಟ್ಸಿಗೂ ಸಂಬಂಧವಿಲ್ಲ, ಕಾರು ಅವನದು ಅಷ್ಟೆ.

ಹೊಸಬರಿಗೆ ಎರಡು ಮಾತು. ನಾನು ಒಂದು ಪೇಮೆಂಟ್ ಕಂಪನಿಯಲ್ಲಿ ರೀಕಾನ್ ನೋಡಿಕೊಳ್ಳುವವನು. ಅಂದರೆ ನಮ್ಮ ಲೆಕ್ಕಕ್ಕೂ ಬ್ಯಾಂಕಿನ ಲೆಕ್ಕಕ್ಕೂ ತಾಳೆ ಹಾಕುವ ಕೆಲಸ. ಹೋಟೆಲುಗಳಲ್ಲಿ ನಡೆಯುವ ದೊಡ್ಡ ಸಮ್ಮೇಳನಗಳಿಗೆ ನಮ್ಮಂಥವರನ್ನು ಯಾರೂ ಕರೆಯುವುದಿಲ್ಲ. ಒಮ್ಮೆ ಯಾರದೋ ಪಾಸ್ ಸಿಕ್ಕಿ ಹೋಗಿದ್ದೆ. ವೇದಿಕೆಯ ಮೇಲೆ ಕೇಳಿದ್ದು ಒಂದೂ ನೆನಪಿಲ್ಲ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರೊಬ್ಬರು ಗ್ರಾಹಕರಿಗೆ ಹಣ ವಾಪಸ್ ಮಾಡುವ ರಿಫಂಡ್ ಫೈಲ್ ಎರಡು ಸಲ ಓಡಿದ ಕಥೆ ಹೇಳಿದ್ದು ಮಾತ್ರ ಇವತ್ತಿಗೂ ನೆನಪಿದೆ.

ಹ್ಯಾರಿಸನ್ ಓವನ್ ಎಂಬ ಅಮೆರಿಕನ್ನನಿಗೂ 1980ರ ದಶಕದಲ್ಲಿ ಹೀಗೇ ಅನ್ನಿಸಿತ್ತು. ತಾನೇ ಕಷ್ಟಪಟ್ಟು ಏರ್ಪಡಿಸಿದ ಸಮ್ಮೇಳನದಲ್ಲಿ ಜನಕ್ಕೆ ಹಿಡಿಸಿದ್ದು ಕಾಫಿ ವಿರಾಮ ಒಂದೇ ಎಂದು ಕಂಡು, ವಿರಾಮವನ್ನೇ ಸಮ್ಮೇಳನ ಮಾಡಿದ. ಕಾರ್ಯಸೂಚಿ ಮೊದಲೇ ಇರುವುದಿಲ್ಲ, ಬಂದವರೇ ಬರೆಯುತ್ತಾರೆ. ಎಲ್ಲಿ ನಿಮಗೆ ಕಲಿಯಲಿಕ್ಕೂ ಕಲಿಸಲಿಕ್ಕೂ ಏನೂ ಇಲ್ಲವೋ ಅಲ್ಲಿಂದ ಎದ್ದು ಬೇರೆ ಗುಂಪಿಗೆ ಹೋಗಬೇಕು. ಇದಕ್ಕೆ ಎರಡು ಕಾಲಿನ ನಿಯಮ ಅಂತ ಹೆಸರು. 2005ರಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ, ಬಂದವರೇ ವಿಷಯ ಆರಿಸುವ ಟೆಕ್ಕಿಗಳ ಕೂಟವಾದ, ಮೊದಲ ಬಾರ್‌ಕ್ಯಾಂಪ್ ನಡೆದದ್ದು ಇದೇ ಜಾಡಿನಲ್ಲಿ. ಮರುವರ್ಷವೇ ಅದು ಬೆಂಗಳೂರಿಗೆ ಬಂತು. ಅದೇ 2006ರಲ್ಲಿ ಪ್ಯಾರಿಸ್ಸಿನಲ್ಲಿ ಬ್ಯಾಂಕಿಂಗ್ ಮಂದಿ ಸೇರಿ ಬಾರ್‌ಕ್ಯಾಂಪ್‌ಬ್ಯಾಂಕ್ ಮಾಡಿದರು. ನಾನು ಹೊಸದೇನೂ ಕಂಡುಹಿಡಿದಿಲ್ಲ, ಸ್ನೇಹಿತನ ಟ್ಯೂಷನ್ ಕೋಣೆಯಲ್ಲಿ ಕನ್ನಡದಲ್ಲಿ ಮಾಡುತ್ತಿದ್ದೇನೆ, ಅಷ್ಟೇ.

ಕೂಟ 1. ಗೋಡೆಗೆ ಚಾರ್ಟ್ ಅಂಟಿಸಿ ಸ್ಕೆಚ್ ಪೆನ್ ಇಟ್ಟೆ. 20 ನಿಮಿಷ ಯಾರೂ ಏಳಲಿಲ್ಲ. ಗಾಬರಿಯಾಗಿ ನಾನೇ ಮೂರು ವಿಷಯ ಬರೆದೆ. ಅಲ್ಲೇ ಕೆಟ್ಟಿತು: ಉಳಿದ ಹೊತ್ತೆಲ್ಲ ನಾನು ಪಾಠ ಮಾಡಿದೆ, ಅವರು ತಲೆದೂಗಿದರು. ಟ್ಯೂಷನ್ ಕೋಣೆಗೆ ತಕ್ಕ ಹಾಗೇ ಆಯಿತು.

ಕೂಟ 2. ಈ ಸಲ ಬರೆದರು. ಆದರೆ ಹಿರಿಯರೊಬ್ಬರು ಲ್ಯಾಪ್‌ಟಾಪ್ ತೆರೆದು ತಮ್ಮ ಸಾಲದ ಆ್ಯಪಿನ ಪ್ರಚಾರಕ್ಕೆ ಕೂತರು. ಮುಕ್ಕಾಲು ಗಂಟೆ. ಒಬ್ಬರೂ ಏಳಲಿಲ್ಲ. "ಸರ್ ಮಾತಾಡ್ತಿರುವಾಗ ಎದ್ದು ಹೋಗೋದು ಹೇಗೆ?" ಅಂತ ಆಮೇಲೆ ಕೇಳಿದರು. ಎರಡು ಕಾಲಿನ ನಿಯಮ ನಮ್ಮ ಮರ್ಯಾದೆಯ ಮುಂದೆ ನಿಲ್ಲುವುದಿಲ್ಲ. ಹೆಂಡತಿ ಕೊಟ್ಟ ಉಪಾಯ ಇದು: ಫ್ಲಾಸ್ಕನ್ನು ದೂರದ ಮೂಲೆಯಲ್ಲಿಡಿ. "ಕಾಫಿ ತಗೊಂಡ್ ಬಂದೆ ಸರ್" ಅಂತ ಏಳುವುದಕ್ಕೆ ಯಾರಿಗೂ ಸಂಕೋಚವಿಲ್ಲ. ಹೋದವರು ವಾಪಸ್ ಅದೇ ಗುಂಪಿಗೆ ಬರಬೇಕೆಂದೇನೂ ಇಲ್ಲ. ಮೂರನೇ ಕೂಟದಿಂದ ಕೋಣೆ ತಾನಾಗಿ ಓಡಾಡತೊಡಗಿತು.

ಕೂಟ 3. ನನ್ನ ಮಟ್ಟಿಗೆ ಯೋಜನೆ ಶುರುವಾದದ್ದೇ ಇಲ್ಲಿ. ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಮೇಡಂ ಒಬ್ಬರು ಚಾರ್ಟಿನ ಮೇಲೆ ಬರೆದರು: "ದುಡ್ಡು ಕಟ್ಟಾಯ್ತು, ಸೇರಲಿಲ್ಲ." ಯುಪಿಐನಲ್ಲಿ ಕಳಿಸಿದವರ ಬ್ಯಾಂಕು ಹಣ ಕಡಿತ ಮಾಡಿರುತ್ತದೆ, ಪಡೆಯುವವರ ಬ್ಯಾಂಕಿಗೆ ಜಮಾ ಮಾಡಲು ಸಂದೇಶ ಹೋಗಿರುತ್ತದೆ, ಉತ್ತರ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಅಂಥದ್ದನ್ನು ನಾವು ಡೀಮ್ಡ್ ಅನ್ನುತ್ತೇವೆ. ಆ್ಯಪಿನ ಹುಡುಗರೆಲ್ಲ ಒಕ್ಕೊರಲಿನಿಂದ "ಬ್ಯಾಂಕಿನವರು ಜಮಾ ಮಾಡಲ್ಲ" ಅಂದರು. ಮೇಡಂ ಸಮಾಧಾನವಾಗಿ ಒಂದು ಕಾಗದ ತೆಗೆದು, ವಹಿವಾಟಿನ ಗುರುತಿನ ಸಂಖ್ಯೆಯಾದ 12 ಅಂಕಿಯ ಆರ್‌ಆರ್‌ಎನ್ ಒಂದನ್ನು ಬರೆದರು. ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನ ಮೂರು ವರ್ಷದ ಎಷ್ಟನೇ ದಿನ ಅನ್ನುವುದು. ಇದನ್ನು ಹಿಡಿದು ಅವರು ದಿನಾ ಬೆಳಗ್ಗೆ ಬ್ಯಾಂಕಿನ ಲೆಕ್ಕದ ಪುಸ್ತಕದಲ್ಲಿ ಹುಡುಕುತ್ತಾರಂತೆ. "ಎಷ್ಟೋ ಸಲ ನಮ್ಮಲ್ಲಿ ಜಮಾ ಆಗಿರತ್ತಪ್ಪ. ತಡವಾಗಿದ್ದು ಉತ್ತರ, ದುಡ್ಡಲ್ಲ. ನೋಡದೆ ಮತ್ತೆ ಹಾಕಿದರೆ ಎರಡು ಸಲ ಹೋಗತ್ತೆ. ವಾಪಸ್ ಕೇಳೋಕೆ ಹೋಗೋರು ಯಾರು, ನೀವಾ?"

ಯಾರೂ ಕಾಫಿಗೆ ಏಳಲಿಲ್ಲ.

2019ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ಸುತ್ತೋಲೆಯೂ ಚರ್ಚೆಗೆ ಬಂತು. ಯುಪಿಐನಲ್ಲಿ ಖಾತೆಯಿಂದ ಖಾತೆಗೆ ಕಳಿಸಿದ ಹಣ ಸೇರದಿದ್ದರೆ ಮರುದಿನದೊಳಗೆ ವಾಪಸಾಗಬೇಕು, ಅಂಗಡಿಗೆ ಕೊಟ್ಟದ್ದು ಖಾತ್ರಿಯಾಗದಿದ್ದರೆ ಐದು ದಿನದೊಳಗೆ; ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆ್ಯಪ್ ಮಾಡುವವರಲ್ಲೇ ಇಬ್ಬರಿಗೆ ಈ 100 ರೂಪಾಯಿಯ ವಿಷಯ ಗೊತ್ತಿರಲಿಲ್ಲ.

ಕೂಟ 4. ನಮ್ಮ ಬೀದಿಯ ಕಾಂಡಿಮೆಂಟ್ಸ್ ಅಂಗಡಿಯವರನ್ನು ಕರೆದಿದ್ದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಕ್ಯೂಆರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬರೆದವರಲ್ಲಿ ಇವರೂ ಒಬ್ಬರು. ಸರಕು ಮಾರುವವರಿಗೆ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನುವುದು ಅವರಿಗೆ ಗೊತ್ತು. ತಕರಾರು ಬೇರೆ. "ಭಾವಮೈದ ಕೈಸಾಲ ತೀರಿಸಿದ್ದೂ ಇದೇ ಕ್ಯೂಆರಿಗೆ ಬಂತು, ಚೀಟಿ ದುಡ್ಡೂ ಬಂತು. ಅದೂ ವ್ಯಾಪಾರನಾ?" ಕ್ಯೂಆರ್ ಮಾರುವ ಹುಡುಗನೊಬ್ಬ "ಎರಡು ಕ್ಯೂಆರ್ ಇಟ್ಕೊಳ್ಳಿ ಅಣ್ಣಾ, ಅಂಗಡಿಗೊಂದು ಮನೆಗೊಂದು" ಅಂದ. "ಕೌಂಟರ್ ಮುಂದೆ ಹತ್ತು ಜನ ನಿಂತಿರ್ತಾರೆ, ಭಾವಮೈದ ಯಾವುದಕ್ಕೆ ಹೊಡೀತಾನೋ ನಾನು ಕಾಯ್ತಾ ಕೂರ್ಲಾ?" ಅಲ್ಲಿಂದ ದನಿ ಏರಿತು. ತಪ್ಪು ಹುಡುಗನದಲ್ಲ, ಉತ್ತರವೂ ಸರಿಯೇ. ಆದರೆ ಆ ಉತ್ತರವನ್ನು ಅವನು ಗಲ್ಲಾದ ಹಿಂದೆ ನಿಂತು ಯೋಚಿಸಿದ್ದಲ್ಲ. ಕೊನೆಗೆ ಒಂದು ಶನಿವಾರ ಸಂಜೆ ಅಂಗಡಿಯಲ್ಲಿ ನಿಲ್ಲುತ್ತೇನೆ ಅಂತ ಒಪ್ಪಿಕೊಂಡಿದ್ದಾನೆ.

ಬಾಕಿ ಉಳಿದದ್ದು: ಕೇಳಿದ್ದನ್ನು ಹೊರಗೆ ಹೇಳಬಹುದು, ಹೇಳಿದವರ ಹೆಸರನ್ನೂ ಕಂಪನಿಯನ್ನೂ ಹೇಳುವಂತಿಲ್ಲ ಅನ್ನುವುದನ್ನು ಬಾಗಿಲಲ್ಲೇ ಬರೆದು ಅಂಟಿಸಬೇಕು. ಖರ್ಚು ಭರಿಸುತ್ತೇವೆ ಎಂದು ಒಂದು ಕಂಪನಿ ಕೇಳಿದೆ. ಬ್ಯಾನರ್ ಹಾಕುತ್ತಾರೆ, ಹಾಗಾಗಿ ಬೇಡ ಅಂದಿದ್ದೇನೆ. ತಲೆಗೆ 50 ರೂಪಾಯಿ ಹಾಕಿಕೊಂಡರೆ ಸಾಕು. ಮೂರನೇ ಫ್ಲಾಸ್ಕ್ ಬೇಕು. ಅದನ್ನು ಕಾಂಡಿಮೆಂಟ್ಸ್‌ನವರೇ ಕೋಡುಬಳೆ ಸಮೇತ ಕಳಿಸುತ್ತಾರಂತೆ, ಕ್ಯಾಶ್ ಕೊಟ್ಟರೆ.