ಕರಾವಳಿಯ ಮಳೆಗಾಲಕ್ಕೆ ಫೋರ್ ಬೈ ಫೋರ್ ಟಯರು ಆರಿಸುವುದು

ಮಂಗಳೂರು, ಉಡುಪಿ ಕಡೆ ಥಾರ್, ಜಿಮ್ನಿ, ಗೂರ್ಖಾದಂಥ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿ ತಗೊಂಡವರು ಮೊದಲು ಬದಲಿಸುವುದು ಟಯರನ್ನೇ. ಕಣ್ಣು ಹೋಗುವುದು ದಪ್ಪ ಹಲ್ಲಿನ ಮಡ್ ಟೆರೇನ್, ಅಂದರೆ ಎಂಟಿ ಟಯರಿನ ಮೇಲೆ. ನೋಡಲಿಕ್ಕೆ ಗತ್ತು ಇದೆ, ಇಲ್ಲ ಅನ್ನುವ ಹಾಗಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ರಸ್ತೆಗೆ ಹೆಚ್ಚಿನವರಿಗೆ ಅದು ಹೊಂದುವುದಿಲ್ಲ. ಒಳ್ಳೆಯ ಆಲ್ ಟೆರೇನ್, ಅಂದರೆ ಎಟಿ ಟಯರೇ ಇಲ್ಲಿಗೆ ಸರಿ.

ವಾರದ ಓಡಾಟ ಲೆಕ್ಕ ಹಾಕಿ ನೋಡಿ. ಹೆದ್ದಾರಿ 66, ಪೇಟೆಯ ಕಾಂಕ್ರೀಟು ರಸ್ತೆ, ಆಗಾಗ ಶಿರಾಡಿಯೋ ಚಾರ್ಮಾಡಿಯೋ ಆಗುಂಬೆಯೋ. ಎಲ್ಲವೂ ಒದ್ದೆ, ಎಲ್ಲವೂ ಗಟ್ಟಿ ನೆಲ. ಒದ್ದೆ ಗಟ್ಟಿ ನೆಲದಲ್ಲಿ ಬ್ರೇಕು ಹಿಡಿಯುವುದು ನೆಲಕ್ಕೆ ತಾಗುವ ರಬ್ಬರು ಮತ್ತು ಹಲ್ಲಿನ ಮೇಲೆ ಬ್ಲೇಡಿನಲ್ಲಿ ಗೀರಿದ ಹಾಗಿರುವ ಸಣ್ಣ ಸೀಳುಗಳು. ಇವಕ್ಕೆ ಸೈಪ್ ಅನ್ನುತ್ತಾರೆ. ನೀರಿನ ತೆಳು ಪದರವನ್ನು ಒರೆಸಿ ತೆಗೆಯುವುದು ಅವೇ. ಎಂಟಿಯಲ್ಲಿ ಹಲ್ಲುಗಳ ನಡುವಿನ ಖಾಲಿ ಜಾಗ ಹೆಚ್ಚು, ಸೈಪ್ ಕಡಿಮೆ. ಹಾಗಾಗಿ ಘಾಟಿಯ ತಿರುವಿನಲ್ಲಿ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಸದ್ದು ಮತ್ತು ಇಂಧನದ ಖರ್ಚು ಬೇರೆ.

ಹಾಗಾದರೆ ತೋಟದ ದಾರಿಯ ಕೆಸರಿಗೆ? ನಮ್ಮ ಕೆಸರಿನ ಗುಣ ನೋಡಬೇಕು. ಮಳೆ ಹಿಡಿದು ಎರಡು ವಾರವಾದ ಮೇಲೆ ಅಡಿಕೆ ತೋಟದ ನೆರಳಿನ ಮುರಕಲ್ಲು ದಾರಿಯನ್ನು ಬಗ್ಗಿ ನೋಡಿ. ಮೇಲೆ ಹಸಿರು ಪಾಚಿ, ಅದರಡಿ ಉಗುರಿನಷ್ಟು ದಪ್ಪ ಕೆಂಪು ಮಣ್ಣು, ಅದರಡಿ ಕಲ್ಲು. ಚಕ್ರ ಹುಗಿಯುವುದಿಲ್ಲ, ಜಾರುತ್ತದೆ. ಇಲ್ಲಿ ದೊಡ್ಡ ಹಲ್ಲಿಗೆ ಕಚ್ಚಲು ಏನೂ ಇಲ್ಲ, ಮೆದು ರಬ್ಬರು ಮತ್ತು ಸೈಪ್‌ಗೇ ಕೆಲಸ. ಎಂಟಿಗೆ ಅದರ ಬೆಲೆ ಬರುವುದು ಗದ್ದೆ, ರಬ್ಬರು ತೋಟದ ಹೊಸ ಮಣ್ಣಿನ ದಾರಿ, ಜೆಸಿಬಿ ಈಗಷ್ಟೇ ಕೆದಕಿದ ಗುಡ್ಡೆ, ಹೀಗೆ ಚಕ್ರ ನಿಜವಾಗಿ ಇಳಿಯುವಲ್ಲಿ. ನಮ್ಮ ಕೆಂಪು ಜೇಡಿ ಹಲಸಿನ ಮೇಣದ ಹಾಗೆ ಅಂಟುತ್ತದೆ. ಎಟಿಯ ಸಂದು ಎರಡು ಸುತ್ತಿನಲ್ಲಿ ತುಂಬಿ ಬೋಳಾಗುತ್ತದೆ, ಎಂಟಿಯ ಅಗಲ ಸಂದು ಅದನ್ನು ಎಸೆಯುತ್ತದೆ. ನಿಮ್ಮ ಮನೆಯ ದಾರಿಯೇ ಅಂಥದ್ದಾದರೆ ಎಂಟಿ ಹಾಕಿಸಿ, ಘಾಟಿಯಲ್ಲಿ ನಿಧಾನ ಹೋಗಿ.

ಎಟಿಯಲ್ಲೂ ಎಲ್ಲ ಒಂದೇ ಅಲ್ಲ. ಅಂಗಡಿಯಲ್ಲಿ ಟ್ರೆಡ್ಡಿನ, ಅಂದರೆ ನೆಲಕ್ಕೆ ತಾಗುವ ಹಲ್ಲಿನ ಭಾಗದ, ಚಂದ ನೋಡುವ ಮೊದಲು ಬದಿಯ ಗೋಡೆಯನ್ನು, ಅಂದರೆ ಸೈಡ್‌ವಾಲನ್ನು, ಹೆಬ್ಬೆರಳಿನಿಂದ ಒತ್ತಿ. ಎರಡೂ ಬದಿ ಮುರಕಲ್ಲಿನ ಬರೆ ಇರುವ ಇಕ್ಕಟ್ಟು ದಾರಿಯಲ್ಲಿ ಟಯರು ಸಾಯುವುದು ಟ್ರೆಡ್ಡಿನಿಂದಲ್ಲ, ಬದಿ ಸೀಳಿ. ಟ್ರೆಡ್ಡಿನ ತೂತಿಗೆ ಒಳಗಿನಿಂದ ಮಶ್ರೂಮ್ ಪ್ಯಾಚ್ ಹಾಕಬಹುದು, ಬದಿ ಸೀಳಿದರೆ ನಂಬಿಕೆಯ ರಿಪೇರಿ ಇಲ್ಲ, ಟಯರೇ ಹೋಯಿತು. ಬದಿಯಲ್ಲಿ ಮೂರು ಪದರ ಇರುವ ಟಯರು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ತೂಕ ಮಾತ್ರ ಏರುತ್ತದೆ. ಜಿಮ್ನಿಯಂಥ ಹಗುರ ಗಾಡಿಗೆ ಆ ತೂಕ ಪಿಕಪ್‌ನಲ್ಲೂ ಬ್ರೇಕಿನಲ್ಲೂ ಗೊತ್ತಾಗುತ್ತದೆ. ಅದಕ್ಕೆ ಹತ್ತು ಪ್ಲೈಯ, ಅಂದರೆ ಭಾರ ಹೊರಲೆಂದೇ ಗಟ್ಟಿ ಮಾಡಿದ, ಟ್ರಕ್ ಟಯರು ಬೇಡ.

ಇನ್ನು ಸೈಜು. ಜಿಮ್ನಿಗೆ ಕಂಪನಿ ಕೊಡುವುದು 195/80 ಆರ್15. ಎತ್ತರ ಲೆಕ್ಕ ಹಾಕುವುದು ಸುಲಭ: ಟಯರಿನ ಅಗಲ 195 ಮಿ.ಮೀ., ಬದಿಯ ಎತ್ತರ ಅದರ ಶೇ. 80 ಅಂದರೆ 156 ಮಿ.ಮೀ., ಮೇಲೂ ಕೆಳಗೂ ಸೇರಿ 312, ಅದಕ್ಕೆ 15 ಇಂಚಿನ ರಿಮ್ಮಿನ 381. ಒಟ್ಟು 693 ಮಿ.ಮೀ. ತುಂಬ ಜನ ಹಾಕಿಸುವ 215/75 ಆರ್15 ಇದೇ ಲೆಕ್ಕದಲ್ಲಿ 703.5, ಅಂದರೆ ಶೇ. 1.5 ಹೆಚ್ಚು. ಮೀಟರು 80 ತೋರಿಸುವಾಗ ಮೊದಲಿಗಿಂತ ಸುಮಾರು 1 ಕಿ.ಮೀ. ಹೆಚ್ಚು ವೇಗದಲ್ಲಿ ಇರುತ್ತೀರಿ, ಅಷ್ಟೆ. ಅದಕ್ಕಿಂತ ದೊಡ್ಡದಕ್ಕೆ ಹೋದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಬಂಪರಿನ ಮೂಲೆ, ಮಡ್‌ಫ್ಲಾಪಿಗೆ ಉಜ್ಜುತ್ತದೆ. ಸಮತಟ್ಟಿನಲ್ಲಿ ಉಜ್ಜದ್ದು ಒಂದು ಚಕ್ರ ಕಲ್ಲಿನ ಮೇಲೆ ಏರಿದಾಗ ಉಜ್ಜಬಹುದು, ಎರಡೂ ಬಗೆಯಲ್ಲಿ ಪರೀಕ್ಷಿಸಿ. ಕಂಪನಿಯ ಅಳತೆ ಬಿಟ್ಟು ದೂರ ಹೋಗುವುದು ವಾಹನ ಮಾರ್ಪಾಡಿನ ಕಾನೂನಿಗೂ ವಿಮೆಗೂ ತೊಡಕು. ಲೋಡ್ ಇಂಡೆಕ್ಸ್, ಅಂದರೆ ಟಯರು ಎಷ್ಟು ಭಾರ ಹೊರುತ್ತದೆ ಅನ್ನುವ ಅಂಕಿ, ಕೂಡ ಹಳೆಯದಕ್ಕಿಂತ ಕಡಿಮೆ ಆಗಬಾರದು. 96 ಅಂದರೆ ಟಯರಿಗೆ 710 ಕಿಲೋ.

ಅಗಲ ಹೆಚ್ಚಾದರೆ ಹಿಡಿತ ಹೆಚ್ಚು ಅನ್ನುವ ಮಾತು ಅರ್ಧ ಸತ್ಯ. ಅಗಲ ಟಯರು ಮರಳಿನಲ್ಲಿ ತೇಲುತ್ತದೆ, ಸರಿ. ಆದರೆ ತೆಳು ಕೆಸರಿನ ಅಡಿಯಲ್ಲಿ ಗಟ್ಟಿ ನೆಲ ಇರುವಲ್ಲಿ ಕಿರಿದಾದದ್ದು ಕೆಸರನ್ನು ಸೀಳಿ ಕಲ್ಲಿಗೆ ಮುಟ್ಟುತ್ತದೆ. ರಸ್ತೆಯಲ್ಲಿ ನಿಂತ ನೀರಿನ ಮೇಲೆ ಅಗಲ ಟಯರು ಬೇಗ ತೇಲುತ್ತದೆ ಅನ್ನುವುದೂ ನೆನಪಿರಲಿ.

ಗಾಳಿಯ ಮಟ್ಟಿಗೆ, ರಸ್ತೆಯಲ್ಲಿ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಬರೆದಷ್ಟೇ ಇರಲಿ. ಕೆಸರಿಗೆ 22ರಿಂದ 24 ಪಿಎಸ್‌ಐ, ಸಡಿಲ ಮರಳಿಗೆ 15ರಿಂದ 18. ಗಾಳಿ ಇಳಿಸಿದರೆ ಟಯರು ನೆಲಕ್ಕೆ ತಾಗುವ ಭಾಗ ಮುಖ್ಯವಾಗಿ ಉದ್ದಕ್ಕೆ ಬೆಳೆಯುತ್ತದೆ, ಹಿಡಿತ ಬರುವುದು ಅದರಿಂದ. 15ಕ್ಕಿಂತ ಕೆಳಗೆ ಹೋಗಿ ಸ್ಟಿಯರಿಂಗ್ ಗಕ್ಕನೆ ತಿರುಗಿಸಿದರೆ ಟಯರು ರಿಮ್ಮಿನಿಂದ ಕಳಚಬಹುದು. ಚೂಪು ಮುರಕಲ್ಲಿನಲ್ಲಿ ತುಂಬ ಇಳಿಸಬೇಡಿ, ಬದಿ ಉಬ್ಬಿ ಹೊರಗೆ ಚಾಚಿದಷ್ಟೂ ಸೀಳುವ ಭಯ. ಇಳಿಸಿದ ಮೇಲೆ 30 ಕಿ.ಮೀ. ವೇಗ ದಾಟಬೇಡಿ, ಡಾಮರಿಗೆ ಬಂದ ಕೂಡಲೇ ತುಂಬಿಸಿ. 12 ವೋಲ್ಟಿನ ಕಂಪ್ರೆಸರ್ ಇಲ್ಲದೆ ಗಾಳಿ ಇಳಿಸುವ ಉಪಾಯವೇ ಬೇಡ. ಸಮುದ್ರದ ಮರಳಿಗೆ ಗಾಡಿ ಇಳಿಸುವುದನ್ನು ಮಾತ್ರ ಮರೆತುಬಿಡಿ ಮಾರಾಯ್ರೆ, ದಂಡವೂ ಬೀಳುತ್ತದೆ, ಉಪ್ಪು ಷಾಸಿಯನ್ನೂ ತಿನ್ನುತ್ತದೆ.

ಎರಡೇ ಟಯರು ಬದಲಿಸುವ ಜಿಪುಣತನ ಇಂಥ ಗಾಡಿಗೆ ದುಬಾರಿ. ಥಾರ್, ಜಿಮ್ನಿ ಎರಡರಲ್ಲೂ ಮುಂದಿನ ಮತ್ತು ಹಿಂದಿನ ಆಕ್ಸಲಿನ ನಡುವೆ ಡಿಫರೆನ್ಶಿಯಲ್, ಅಂದರೆ ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು, ಇಲ್ಲ. ಹಿಂದೆ 10 ಮಿ.ಮೀ. ಹಲ್ಲಿನ ಹೊಸದು, ಮುಂದೆ 4 ಮಿ.ಮೀ. ಉಳಿದ ಹಳೆಯದು ಇದ್ದರೆ ಒಂದೊಂದು ಸುತ್ತಿಗೂ ಸುಮಾರು 38 ಮಿ.ಮೀ. ವ್ಯತ್ಯಾಸ. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್ ಹೈ ಹಾಕಿ ಓಡಿಸಿದರೆ ಆ ವ್ಯತ್ಯಾಸ ಟ್ರಾನ್ಸ್‌ಫರ್ ಕೇಸಿನಲ್ಲಿ, ಅಂದರೆ ಬಲವನ್ನು ಮುಂದೆ ಹಿಂದೆ ಹಂಚುವ ಪೆಟ್ಟಿಗೆಯಲ್ಲಿ, ಬಿಗಿತವಾಗಿ ಕೂರುತ್ತದೆ. ಫೋರ್ ಹೈಯ ಲಿವರು ಹಿಂದೆ ಬಾರದೆ ಸಿಕ್ಕಿಕೊಳ್ಳುವುದು ಇದರ ಮೊದಲ ಲಕ್ಷಣ. ಐದೂ ಒಟ್ಟಿಗೆ ತಗೊಳ್ಳಿ, ಸ್ಟೆಪ್ನಿಯನ್ನೂ ಸೇರಿಸಿ 8,000 ಕಿ.ಮೀ.ಗೊಮ್ಮೆ ಜಾಗ ಬದಲಿಸಿ. ಸಂದಿನೊಳಗಿನ ಸವೆತದ ಗುರುತು ಇರುವುದು 1.6 ಮಿ.ಮೀ.ಗೆ. ನಮ್ಮ ಮಳೆಗೆ ಅಲ್ಲಿಯವರೆಗೆ ಕಾಯಬೇಡಿ, 4 ಮಿ.ಮೀ. ಆಗುವಾಗಲೇ ಬದಲಿಸಿ.

ತಗೊಳ್ಳುವುದಾದರೆ ಮೇ ಮೊದಲ ವಾರವೇ ಒಳ್ಳೆಯದು. ಹೊಸ ಟಯರಿನ ಮೇಲೆ ಅಚ್ಚಿನಿಂದ ಬಿಡಿಸಲು ಹಾಕಿದ ಜಾರು ಪದರ ಇರುತ್ತದೆ, ಕೆಲವು ನೂರು ಕಿ.ಮೀ. ಒಣ ರಸ್ತೆಯಲ್ಲಿ ಓಡಿದರೆ ಅದು ಸವೆದುಹೋಗುತ್ತದೆ. ಬಿಲ್ಲು ಮಾಡಿಸುವ ಮೊದಲು ಬದಿಯಲ್ಲಿರುವ ನಾಲ್ಕಂಕಿ ಓದಿ. 0925 ಅಂತ ಇದ್ದರೆ 2025ರ ಒಂಬತ್ತನೇ ವಾರದ ಮಾಲು. ಐದರಲ್ಲೂ ಓದಿ, ನಾಲ್ಕು ಹೊಸದರ ಜೊತೆ ಸ್ಟೆಪ್ನಿಗೆ ಅಂತ ಗೋದಾಮಿನ ಹಳೆಯದೊಂದನ್ನು ದಾಟಿಸುವುದುಂಟು.